ಹಳೇ ಏರಿಯಾದಲ್ಲಿ ಎಲ್ರೂ ನಡೀತಿದ್ರು, ಹೊಸ ಏರಿಯಾದಲ್ಲಿ ಯಾರೂ ನಡೆಯಲ್ಲ. ಕಾರಣ ಫುಟ್‌ಪಾತಾ, ಬೇರೆ ಏನಾದ್ರೂನಾ?

ಹದಿನೈದನೇ_ಕ್ರಾಸ್

ಎಲ್ರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ತಿಂತಿರೋ ಪ್ರಶ್ನೆ, ರಸ್ತೆ ಪ್ಲಾನಿಂಗ್ ಬಗ್ಗೆ ತಿಳಿದಿರೋರು ಇಲ್ಲಿ ಇದೀರ ಅಂತ ಕೇಳ್ತಿದೀನಿ. ನಾವು ಮಲ್ಲೇಶ್ವರದಲ್ಲಿ ವರ್ಷಾನುಗಟ್ಟಲೆ ಬಾಡಿಗೆಗಿದ್ದು ಈಗ ಸರ್ಜಾಪುರ ರಸ್ತೆ ಕಡೆ ಸ್ವಂತ ಫ್ಲಾಟಿಗೆ ಬಂದಿದೀವಿ. ಅಮ್ಮಂಗೆ ಎಪ್ಪತ್ತು ದಾಟಿದೆ. ಅಲ್ಲಿದ್ದಾಗ ಬೆಳಿಗ್ಗೆ ಕಾಡು ಮಲ್ಲೇಶ್ವರನ ಗುಡಿ, ಅಲ್ಲಿಂದ ಹಾಗೇ ಎಂಟನೇ ಕ್ರಾಸಿಗೆ ಹೋಗಿ ಹೂವು ಸೊಪ್ಪು, ಸಂಜೆ ಯಾರದೋ ಮನೆಗೆ ಅರಿಶಿನ ಕುಂಕುಮಕ್ಕೆ, ಹೀಗೆ ಓಡಾಡ್ತಾನೇ ಇರೋರು, ಅದಕ್ಕೆ ಅಂತ ಶೂ ಹಾಕ್ಕೊಂಡು ಹೊರಟಿದ್ದೇ ಇಲ್ಲ.

ಇಲ್ಲಿ ಅಪಾರ್ಟ್‌ಮೆಂಟ್ ಒಳಗೇ ಜಾಗಿಂಗ್ ಟ್ರ್ಯಾಕ್ ಇದೆ, ಗಿಡ ಮರ ಇದೆ, ಗಾಡಿ ಕಾಟ ಇಲ್ಲ, ಆದ್ರೂ ಒಂದು ಸುತ್ತು ಹಾಕಿ ಬಂದು ಟಿವಿ ಮುಂದೆ ಕೂತ್ಬಿಡ್ತಾರೆ. ಗೇಟ್ ಹೊರಗಿನ ರಸ್ತೆಗೆ ಹೊಸ ಫುಟ್‌ಪಾತ್ ಕೂಡ ಹಾಕಿದಾರೆ, ಅಗಲವಾಗೇ ಇದೆ, ಆದ್ರೆ ನಮ್ಮ ಬಿಲ್ಡಿಂಗ್‌ನೋರು ಅದರ ಮೇಲೆ ಕಾಲಿಡೋದೇ ಕಮ್ಮಿ, ಅರ್ಧ ಕಿಲೋಮೀಟರ್ ದೂರದ ಸೂಪರ್ ಮಾರ್ಕೆಟ್‌ಗೂ ಕಾರು ತೆಗೀತಾರೆ. ನಮ್ಮ ಬಾಲ್ಕನಿಯಿಂದ ನೋಡಿದ್ರೆ ಹಿಂದಿನ ಹಳ್ಳಿಯ ಮಾರಮ್ಮನ ಗುಡಿ ಕಾಣ್ಸುತ್ತೆ, ಮಂಗಳಾರತಿ ಗಂಟೆನೂ ಕೇಳ್ಸುತ್ತೆ, ಗುಡಿ ಪಕ್ಕ ಸೊಪ್ಪಿನ ಗಾಡಿ ನಿಂತಿರುತ್ತೆ, ಅದರ ನೀಲಿ ಟಾರ್ಪಾಲ್ ಸಮೇತ ಕಾಣುತ್ತೆ. ಮಧ್ಯ ನಮ್ಮ ಕಾಂಪೌಂಡ್ ಗೋಡೆ. ಮುಂದಿನ ಗೇಟಿಂದ ಹೊರಟು ಮೇನ್ ರೋಡ್ ಹಿಡ್ಕೊಂಡು ಸುತ್ತಿ ಬಂದ್ರೆ ಒಂದೂವರೆ ಕಿಲೋಮೀಟರ್ ಮೇಲಾಗುತ್ತೆ.

ಮನೇಲಿ ಇದಕ್ಕೆ ವಯಸ್ಸು, ಬಿಸಿಲು, ಸೋಮಾರಿತನ ಅಂತಾರೆ. ನಂಗೆ ಒಪ್ಪಿಗೆ ಆಗ್ತಿಲ್ಲ, ಯಾಕಂದ್ರೆ ಮನುಷ್ಯರು ಅವರೇ, ಬದಲಾಗಿದ್ದು ಜಾಗ ಮಾತ್ರ. ಏರಿಯಾ ಕಟ್ಟಿರೋ ರೀತಿಯಿಂದ್ಲೇ ಜನ ನಡೆಯೋದು ಬಿಡ್ತಾರೆ ಅನ್ನೋದಕ್ಕೆ ಯಾರಾದ್ರೂ ಸರಿಯಾಗಿ ಅಧ್ಯಯನ ಮಾಡಿದಾರಾ? ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಏನಾದ್ರೂ ಕೇಳೋದಾದ್ರೆ ಏನು ಕೇಳ್ಬೇಕು?

ನಕ್ಷೆ_ಮೇಷ್ಟ್ರು

ಆ ಗುಡಿ ಮತ್ತೆ ಗೋಡೆ ವಿಷಯದಲ್ಲೇ ನಿಮ್ಮ ಅರ್ಧ ಉತ್ತರ ಇದೆ. ನಾನು ನಗರ ಯೋಜನೆ ಕೆಲಸದಲ್ಲಿರೋನು, ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೊದ್ಲು ಮಲ್ಲೇಶ್ವರ. ಅದೂ ಬಸವನಗುಡಿನೂ 1890ರ ದಶಕದಲ್ಲಿ ರೂಪುಗೊಂಡ ಬಡಾವಣೆಗಳು, 1898ರ ಪ್ಲೇಗ್ ಬಂದ್ಮೇಲೆ ಪೇಟೆಯ ಇಕ್ಕಟ್ಟು ಬಿಟ್ಟು ಜನ ಅಲ್ಲಿಗೆ ಬಂದು ನೆಲೆಸಿದ್ರು. ಗಾಳಿ ಬೆಳಕು ಬರ್ಲಿ ಅಂತ ನೇರ ನೇರ ರಸ್ತೆ ಎಳೆದ್ರು, ಸುಮಾರು ನೂರು ಮೀಟರ್‌ಗೊಂದು ಕ್ರಾಸ್ ಬರುತ್ತೆ, ಮನೆಗಳ ಹಿಂದೆ ಕನ್ಸರ್ವೆನ್ಸಿ ಲೇನ್, ಅಂದ್ರೆ ಕಸ ಹೊಲಸು ತೆಗೆಯೋರು ಓಡಾಡೋಕೆ ಬಿಟ್ಟ ಸಣ್ಣ ಓಣಿ, ಬೇರೆ. ಆಗ ಯಾರೂ ಜನ ನಡೀಲಿ ಅಂತ ಯೋಚ್ನೆ ಮಾಡಿರಲ್ಲ, ಎಲ್ರೂ ಹೇಗಿದ್ರೂ ನಡೆಯೋ ಕಾಲ, ಆದ್ರೆ ಆ ಜಾಲದಿಂದ ಆಗಿರೋ ಲಾಭ ಏನಂದ್ರೆ ಎಲ್ಲಿಂದ ಎಲ್ಲಿಗೆ ಹೋಗ್ಬೇಕಂದ್ರೂ ನಾಲ್ಕೈದು ದಾರಿ ಇರುತ್ತೆ, ಯಾವ್ದೂ ಬಹಳ ಸುತ್ತು ಅಲ್ಲ. ಸಂಪಿಗೆ ರಸ್ತೆ ಗದ್ದಲ ಅನ್ಸಿದ್ರೆ ಪಕ್ಕದ ರಸ್ತೆ ಹಿಡೀಬಹುದು.

ಈಗ ನಿಮ್ಮ ಕಡೆ. ನಮ್ಮ ನಡಿಗೆ ನಿಮಿಷಕ್ಕೆ ಸುಮಾರು 80 ಮೀಟರ್, ಐದು ನಿಮಿಷಕ್ಕೆ 400. ಅಷ್ಟು ದೂರದೊಳಗೆ ಏನೇನು ಸಿಗುತ್ತೆ ಅನ್ನೋದ್ರ ಮೇಲೆ ನಡೆಯೋದೋ ಗಾಡಿ ತೆಗೆಯೋದೋ ಅನ್ನೋ ನಿರ್ಧಾರ ಬಹುತೇಕ ನಿಂತಿದೆ. ಇಪ್ಪತ್ತು ಎಕರೆ ಅಪಾರ್ಟ್‌ಮೆಂಟ್ ಚೌಕವಾಗಿದೆ ಅಂತಿಟ್ಕೊಳ್ಳಿ, ಒಂದೊಂದು ಬದಿ ಸುಮಾರು 280 ಮೀಟರ್. ಗೇಟು ಒಂದೇ. ಅಂದ್ರೆ ಮುಂದಿನ ಗೇಟಿಂದ ಹೊರಗಡೆ ಬಳಸಿಕೊಂಡು ಬರೀ ನಿಮ್ಮದೇ ಹಿತ್ತಲಿಗೆ ಬರ್ಬೇಕಂದ್ರೂ ಅರ್ಧ ಕಿಲೋಮೀಟರ್ ಮೇಲೆ ಆಯ್ತು, ಅದೂ ಸುತ್ತ ರಸ್ತೆ ಇದ್ರೆ. ಪಕ್ಕದಲ್ಲಿ ಇನ್ನೊಂದು ಅಂಥದ್ದೇ ಕಾಂಪೌಂಡ್ ಇದ್ರೆ ಲೆಕ್ಕ ಡಬಲ್.

ಇದು ಯಾಕೆ ಹೀಗಾಯ್ತು ಅಂದ್ರೆ ಸರ್ವೆ ನಂಬರ್. ಹಳೇ ಎಕ್ಸ್‌ಟೆನ್ಷನ್‌ಗಳಲ್ಲಿ, ಆಮೇಲೆ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಮಾಡಿದ ಲೇಔಟ್‌ಗಳಲ್ಲಿ, ಮೊದ್ಲು ಇಡೀ ಜಾಗಕ್ಕೆ ರಸ್ತೆ ಎಳೆದು ಆಮೇಲೆ ಸೈಟ್ ಹಂಚಿದ್ರು. ಹೊರವಲಯದಲ್ಲಿ ಒಬ್ಬೊಬ್ಬ ಬಿಲ್ಡರ್ ಒಂದೊಂದು ರೈತರ ಹೊಲ ತಗೊಂಡು ಅದರೊಳಗೆ ಮಾತ್ರ ರಸ್ತೆ ಮಾಡ್ದ, ಪಕ್ಕದ ಹೊಲದವನ ರಸ್ತೆಗೆ ಸೇರಿಸೋ ಜವಾಬ್ದಾರಿ ಯಾರದ್ದೂ ಆಗ್ಲಿಲ್ಲ. ಹಿಂದೆ ಹೊಲದ ಬದುವಿನ ಮೇಲೆ ಹಳ್ಳಿಯವರು ಓಡಾಡ್ತಿದ್ದ ಕಾಲುದಾರಿಗಳೂ ಎಷ್ಟೋ ಕಡೆ ಕಾಂಪೌಂಡ್ ಒಳಗೆ ಹೋಗ್ಬಿಟ್ವು. ಜೊತೆಗೆ ರಾಜಕಾಲುವೆ, ಅದನ್ನ ದಾಟೋಕೆ ಒಂದು ಕಾಲುಸೇತುವೆ ಕೂಡ ಇರಲ್ಲ. ಕೊನೆಗೆ ಎಲ್ರೂ ಬಂದು ಬೀಳೋದು ಒಂದೇ ಹಳೇ ಎತ್ತಿನ ಗಾಡಿ ರಸ್ತೆಗೆ, ಅದನ್ನೇ ಈಗ ಮೇನ್ ರೋಡ್ ಅಂತೀವಿ.

ಅಧ್ಯಯನ ಕೇಳಿದ್ರಿ. 2010ರಲ್ಲಿ ರೀಡ್ ಯೂಯಿಂಗ್, ರಾಬರ್ಟ್ ಸರ್ವೆರೊ ಅನ್ನೋ ಇಬ್ರು ಐವತ್ತಕ್ಕೂ ಹೆಚ್ಚು ಅಧ್ಯಯನಗಳನ್ನ ಒಟ್ಟು ಮಾಡಿ ಲೆಕ್ಕ ಹಾಕಿದ್ರು, ಹೆಚ್ಚಿನವು ಅಮೆರಿಕದವು. ನಡಿಗೆಗೆ ಗಟ್ಟಿ ಸಂಬಂಧ ಕಂಡಿದ್ದು ಮೂರಕ್ಕೆ: ಮನೆ ಅಂಗಡಿ ಕೆಲಸದ ಜಾಗ ಬೆರೆತಿರೋದು, ರಸ್ತೆಗಳು ಒಂದಕ್ಕೊಂದು ಕೂಡೋ ಜಾಗ ಒತ್ತೊತ್ತಾಗಿರೋದು, ನಡೆಯೋ ದೂರದಲ್ಲಿ ಹೋಗೋಕೆ ಜಾಗಗಳು ಇರೋದು. ಬರೀ ಜನಸಾಂದ್ರತೆಗೆ ಸಂಬಂಧ ಬಹಳ ತೆಳು. ಇದು ನಮ್ಮೂರಿಗೆ ದೊಡ್ಡ ಪಾಠ ಅನ್ಸುತ್ತೆ ನಂಗೆ, ಮೂವತ್ತು ಮಹಡಿ ಕಟ್ಟಿ ಸಾವಿರ ಮನೆ ತುಂಬಿದ ಮಾತ್ರಕ್ಕೆ ಕೆಳಗೆ ಬೀದಿಲಿ ಜನ ಬರಲ್ಲ.

ಟೀ_ಬ್ಲಾಕ್

ಮೇಷ್ಟ್ರ ಮಾತು ಗೌರವದಿಂದ ಓದಿದೆ, ಆದ್ರೆ ಮನೆ ಅಂಗಡಿ ಬೆರೀಬೇಕು ಅಂತ ಸುಲಭವಾಗಿ ಹೇಳೋದಕ್ಕೆ ನನ್ನ ವಿರೋಧ ಇದೆ. ನಾನು ಜಯನಗರದವನು. 1948ರಲ್ಲಿ ಶುರುವಾದ ಬಡಾವಣೆ ಇದು, ಬ್ಲಾಕ್ ಬ್ಲಾಕಿಗೂ ಪಾರ್ಕು, ಸಾಲು ಮರ, ದೊಡ್ಡ ವ್ಯಾಪಾರಕ್ಕೆ ನಾಲ್ಕನೇ ಬ್ಲಾಕ್ ಕಾಂಪ್ಲೆಕ್ಸು. ನಮ್ಮ ಕ್ರಾಸಲ್ಲಿ ಸಂಜೆ ಮಕ್ಳು ಶಟ್ಲ್ ಆಡೋರು, ವಯಸ್ಸಾದೋರು ಗೇಟ್ ಮುಂದೆ ನಿಂತು ಮಾತಾಡೋರು. ಈಗ ಆ ಮನೆಗಳು ಒಂದೊಂದಾಗಿ ರೆಸ್ಟೋರೆಂಟು, ಬಟ್ಟೆ ಶೋರೂಮು, ಕೋಚಿಂಗ್ ಸೆಂಟರ್ ಆಗ್ತಿವೆ. ಅಲ್ಲಿಗೆ ಬರೋರು ಯಾರೂ ನಡ್ಕೊಂಡು ಬರಲ್ಲ, ಊರಿನ ಆ ತುದಿಯಿಂದ ಕಾರಲ್ಲಿ ಬರ್ತಾರೆ, ಕಾರನ್ನ ನಮ್ಮ ಫುಟ್‌ಪಾತ್ ಮೇಲೆ ಹತ್ತಿಸಿ ನಿಲ್ಲಿಸ್ತಾರೆ, ವ್ಯಾಲೆ ಪಾರ್ಕಿಂಗ್ ಹುಡುಗರು ರಿವರ್ಸ್ ತಗೋಳೋ ರಭಸಕ್ಕೆ ನಮ್ಮತ್ತೆ ಹೊರಗೆ ಬರೋದೇ ನಿಲ್ಲಿಸಿದಾರೆ. ಆರ್‌ಎಂಪಿ 2015 ಅನ್ನೋ ನಗರದ ಮಾಸ್ಟರ್ ಪ್ಲಾನ್ ಬಂದಾಗ ಮಿಕ್ಸೆಡ್ ಯೂಸ್, ಅಂದ್ರೆ ಮನೆಗಳ ಮಧ್ಯೆ ವ್ಯಾಪಾರ, ಬೇಡ ಅಂತ ಬೆಂಗಳೂರಿನ ನಿವಾಸಿ ಸಂಘಗಳು ಹೋರಾಡಿದ್ದು ಸುಮ್ನೆ ಅಲ್ಲ. ನಿಮ್ಮ ಅಧ್ಯಯನ ಅಮೆರಿಕದ್ದು, ಅಲ್ಲಿ ಅಂಗಡಿ ಸಾಲದು ಅನ್ನೋದು ಕಷ್ಟ, ಇಲ್ಲಿ ನಮಗೆ ಅಂಗಡಿ ಅತಿಯಾಯ್ತು ಅನ್ನೋದು ಕಷ್ಟ.

ಇನ್ನೊಂದು ಪ್ರಶ್ನೆನೂ ಇದೆ. ನಡೆಯೋ ಅಭ್ಯಾಸ ಇರೋರೇ ಮಲ್ಲೇಶ್ವರ, ಜಯನಗರದಂಥ ಜಾಗ ಹುಡುಕಿ ಮನೆ ಮಾಡ್ತಾರೆ, ಕಾರು ಇಷ್ಟ ಇರೋರು ಗೇಟೆಡ್ ಕಡೆ ಹೋಗ್ತಾರೆ. ಹಾಗಿದ್ಮೇಲೆ ರಸ್ತೆಯಿಂದ ಅಭ್ಯಾಸ ಬಂತು ಅಂತ ಹೇಗೆ ಹೇಳ್ತೀರ?

ನಕ್ಷೆ_ಮೇಷ್ಟ್ರು

ಎರಡೂ ಒಳ್ಳೇ ಪ್ರಶ್ನೆ. ಎರಡನೇದು ಮೊದ್ಲು ತಗೋತೀನಿ. ಈ ಅನುಮಾನ ಸಂಶೋಧಕರಿಗೂ ಬಂದಿದ್ದಕ್ಕೇ ಆಸ್ಟ್ರೇಲಿಯಾದ ಪರ್ತ್‌ನಲ್ಲಿ 2003ರಿಂದ ರಿಸೈಡ್ ಅಂತ ಒಂದು ಅಧ್ಯಯನ ಶುರು ಮಾಡಿದ್ರು. ಹೊಸ ಬಡಾವಣೆಗೆ ಮನೆ ಕಟ್ಕೊಂಡು ಹೋಗ್ತಿದ್ದ ಜನರನ್ನ ಹೋಗೋ ಮೊದ್ಲೂ ಕೇಳಿದ್ರು, ಹೋದ್ಮೇಲೂ ಕೇಳಿದ್ರು, ನಿಮಗೆ ಎಂಥ ಏರಿಯಾ ಇಷ್ಟ ಅನ್ನೋದನ್ನೂ ಲೆಕ್ಕಕ್ಕೆ ತಗೊಂಡ್ರು. ಅಂಗಡಿ, ಪೋಸ್ಟ್ ಆಫೀಸು, ಬಸ್ ಸ್ಟಾಪ್ ಥರದ ಒಂದೊಂದು ಹೊಸ ಬಗೆ ಜಾಗ ಹತ್ತಿರ ಸಿಕ್ಕಾಗ ಕೆಲಸಕ್ಕಾಗಿ ನಡೆಯೋದು ವಾರಕ್ಕೆ ಸುಮಾರು 6 ನಿಮಿಷ ಜಾಸ್ತಿ ಆಯ್ತು, ಪಾರ್ಕು, ಬೀಚ್ ಥರದ ವಿಹಾರದ ಜಾಗ ಒಂದು ಹೆಚ್ಚಿದ್ರೆ ವಿಹಾರದ ನಡಿಗೆ ವಾರಕ್ಕೆ 17 ನಿಮಿಷದಷ್ಟು ಹೆಚ್ಚಾಯ್ತು. ಆರು ನಿಮಿಷ ಅಂದ್ರೆ ಕಮ್ಮಿ ಅನ್ಸಬಹುದು, ಆದ್ರೆ ಅದು ಒಂದೊಂದು ಜಾಗಕ್ಕೆ, ಇಡೀ ಏರಿಯಾ ಜನಕ್ಕೆ, ಯಾರಿಗೂ ಉಪದೇಶ ಮಾಡದೇನೇ ಬಂದಿದ್ದು. ಇಷ್ಟಾನಿಷ್ಟದ ಪಾತ್ರ ಇದೆ, ಆದ್ರೆ ಅದನ್ನ ಕಳೆದ್ರೂ ಜಾಗದ ಪಾತ್ರ ಉಳಿಯುತ್ತೆ.

ಮೊದಲ್ನೇದು, ನಿಮ್ಮ ಸಿಟ್ಟು ಪೂರ್ತಿ ನ್ಯಾಯವಾದದ್ದು. ಆದ್ರೆ ಹಾಲಿನ ಬೂತು, ಇಸ್ತ್ರಿ ಅಂಗಡಿ, ಹೂವಿನ ಬುಟ್ಟಿ, ಕ್ಲಿನಿಕ್ಕು, ಟೈಲರ್ ಒಂದು ಜಾತಿ, ನಾಲ್ಕು ಮಹಡಿ ರೆಸ್ಟೋರೆಂಟ್ ಇನ್ನೊಂದು ಜಾತಿ. ಮೊದಲ್ನೇದಕ್ಕೆ ಗಿರಾಕಿ ಬರೋದು ನಾಲ್ಕು ಬೀದಿಯಿಂದ, ಎರಡನೇದಕ್ಕೆ ಇಡೀ ಊರಿಂದ. ನಮ್ಮ ನಿಯಮಗಳಲ್ಲಿ ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಹೆಸರು, ಕಮರ್ಷಿಯಲ್. ಹಾಗಾಗಿ ಜನ ವಿರೋಧಿಸ್ದಾಗ ಮೊದ್ಲು ಎದ್ದು ಹೋಗೋದು ಬಡಪಾಯಿ ಹೂವಿನವಳು, ರೆಸ್ಟೋರೆಂಟ್ ಅಲ್ಲೇ ಇರುತ್ತೆ.

ಪೇಡಾ_ನಗರಿ

ನಮ್ಮ ಧಾರವಾಡದ್ದೂ ಸ್ವಲ್ಪ ಹೇಳ್ತೀನ್ರಿ. ಮಾಳಮಡ್ಡಿ, ಸಪ್ತಾಪುರ ಕಡೆ ಇವತ್ತಿಗೂ ಸಂಜೀಕ ನಡದ ಹೋಗೂ ಮಂದಿ ಭಾಳ ಅದ, ಗಿಡದ ನೆರಳ ಅದ, ಓಣಿ ಓಣಿ ಕೂಡ್ತಾವ, ನಡುವ ಒಂದ ಕಿರಾಣಿ, ಒಂದ ಗಿರಣಿ, ಒಂದ ಮಠ. ಆದ್ರ ಹುಬ್ಬಳ್ಳಿ ಧಾರವಾಡ ನಡುವ ಬಿಆರ್‌ಟಿಎಸ್, ಅಂದ್ರ ಬಸ್ಸಿಗಂತನ ಬ್ಯಾರೆ ಲೇನು, ಬಂತಲ್ಲ, 2018ಕ್ಕ ಬಸ್ಸು ಓಡ್ಲಿಕ್ಕೆ ಚಾಲೂ ಆದ್ವು, 22 ಕಿಲೋಮೀಟರ್ ರಸ್ತೆ ಅಗಲ ಮಾಡಿದ್ರು. ಬಸ್ಸು ಲಗೂನ ಬರ್ತಾವ, ಅದು ಛಲೋನ ಆತು, ನಾ ಸುಳ್ಳ ಹೇಳೂದಿಲ್ಲ. ಆದ್ರ ರಸ್ತೆ ಆಚೀಕಿನ ಮನಿಯವ್ರು ಈಚೀಕಿನ ಅಂಗಡಿಗೆ ಬರೂದು ಕಡಿಮಿ ಆಗ್ಯದ. ಮೊದ್ಲ ಎರಡ ಹೆಜ್ಜಿ ಹಾಕಿ ದಾಟತಿದ್ರು, ಈಗ ನಡುವ ಬಸ್ಸಿನ ಲೇನು, ಅದಕ್ಕ ಕಟಕಟಿ, ಎರಡೂ ಬಾಜೂಕ ಗಾಡಿ. ದಾಟೂ ಜಾಗಾ ಎಲ್ಲೆದ ಅಲ್ಲಿತನಕ ನಡದು, ಸಿಗ್ನಲ್ ಕಾದು, ಮತ್ತ ತಿರುಗಿ ನಡದು ಬರಬೇಕು. ವಯಸ್ಸಾದವ್ರು ಬ್ಯಾಡ ಬಿಡು ಅಂತಾರ.

ಬಸ್ಸಿಗೆ ಹತ್ತವ್ರೂ ಮೊದ್ಲ ನಡಕೊಂಡ ಬರವ್ರ ಅಲ್ಲೇನ್ರಿ? ರಸ್ತೆ ಉದ್ದಕ್ಕ ಹೋಗವ್ರಿಗೆ ಲೆಕ್ಕ ಮಾಡ್ತಾರ, ಅಡ್ಡ ದಾಟವ್ರಿಗೆ ಲೆಕ್ಕ ಮಾಡೂದಿಲ್ಲ. ದಾಟೂ ಜಾಗಾ ಹತ್ರ ಹತ್ರ, ಸಿಗ್ನಲ್ ಮುದುಕ್ರಿಗೆ ಸಾಕಾಗೂವಷ್ಟು ಹೊತ್ತು, ಇಷ್ಟ ಮಾಡಿದ್ರ ಅರ್ಧ ತ್ರಾಸ ಕಡಿಮಿ ಆಗ್ತದ ನೋಡ್ರಿ.

ಸೈಟ್_ಎಂಜಿನಿಯರ್

ಫುಟ್‌ಪಾತ್ ಬಗ್ಗೆ ಒಂದೆರಡು ಮಾತು, ನಾನು ಅದೇ ಕೆಲ್ಸ ಮಾಡ್ಸೋನು. ಅಗಲ ಇದೆ ಅಂತ ನೋಡಿದ್ರೆ ಸಾಲದು, ಸತತವಾಗಿದೆಯಾ ನೋಡಿ. ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) 103 ಅಂತ ಪಾದಚಾರಿಗಳಿಗೇ ಇರೋ ಮಾರ್ಗಸೂಚಿ ಇದೆ. ಅದರಲ್ಲಿ ಅಡ್ಡಿ ಇಲ್ಲದೆ ನಡೆಯೋ ಜಾಗ ಕನಿಷ್ಠ 1.8 ಮೀಟರ್ ಇರ್ಬೇಕು, ಕರ್ಬ್, ಅಂದ್ರೆ ಫುಟ್‌ಪಾತ್ ಅಂಚಿನ ಕಲ್ಲಿನ, ಎತ್ತರ 150 ಮಿಲಿಮೀಟರ್ ಮೀರಬಾರದು ಅಂತ ಸ್ಪಷ್ಟವಾಗಿದೆ. ನಮ್ಮಲ್ಲಿ ಎಷ್ಟೋ ಕಡೆ ಕರ್ಬು ಮಂಡಿಯ ಅರ್ಧಕ್ಕೆ ಬರುತ್ತೆ, ಮಳೆ ನೀರು ಚರಂಡಿ ಮೇಲೆ ಸ್ಲ್ಯಾಬ್ ಹಾಕಿ ಅದನ್ನೇ ಫುಟ್‌ಪಾತ್ ಅಂದ್ಬಿಡ್ತಾರೆ, ಚರಂಡಿ ಎಷ್ಟು ಎತ್ತರವೋ ಫುಟ್‌ಪಾತೂ ಅಷ್ಟೇ ಎತ್ತರ.

ಇನ್ನೊಂದು ಯಾರೂ ಗಮನಿಸದೇ ಇರೋದು ಮನೆ ಗೇಟಿನ ರ‍್ಯಾಂಪು. ಕಾರು ಒಳಗೆ ಹೋಗ್ಲಿ ಅಂತ ಪ್ರತಿ ಗೇಟ್ ಮುಂದೆ ಫುಟ್‌ಪಾತನ್ನೇ ರಸ್ತೆ ಮಟ್ಟಕ್ಕೆ ಇಳಿಸ್ತಾರೆ, ಗೇಟ್ ದಾಟಿದ್ಮೇಲೆ ಮತ್ತೆ ಹತ್ತಿಸ್ತಾರೆ. ನಲವತ್ತು ಅಡಿ ಸೈಟುಗಳ ಬೀದಿಲಿ ಹತ್ತಿ ಇಳಿದು ಹತ್ತಿ ಇಳಿದು ಮಂಡಿ ನೋವಿರೋರು ಮೂರನೇ ಮನೆಗೆ ಸೋತು ರಸ್ತೆಗೇ ಇಳೀತಾರೆ, ಆಮೇಲೆ ನಾವು ಫುಟ್‌ಪಾತ್ ಇದ್ರೂ ರಸ್ತೆಲಿ ನಡೀತಾರೆ ಅಂತ ಬೈತೀವಿ. ಸರಿಯಾದ ರೀತಿ ಏನಂದ್ರೆ ನಡೆಯೋ ಪಟ್ಟಿ ಒಂದೇ ಮಟ್ಟದಲ್ಲಿ ಹೋಗ್ಬೇಕು, ರ‍್ಯಾಂಪ್ ಬರ್ಬೇಕಾದ್ದು ರಸ್ತೆ ಅಂಚಿನ ಮರ, ದೀಪದ ಕಂಬ ಇರೋ ಪಟ್ಟಿಲಿ. ಕಾರು ಹತ್ತಿ ಬರ್ಲಿ, ಮನುಷ್ಯ ಯಾಕೆ ಇಳೀಬೇಕು? ಬೆಂಗಳೂರಲ್ಲಿ ಟೆಂಡರ್‌ಶ್ಯೂರ್ ಅನ್ನೋ ಯೋಜನೆಲಿ ಮಾಡಿದ ರಸ್ತೆಗಳಲ್ಲಿ, ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ ಕಡೆ, ಪೈಪು ಕೇಬಲ್ ಎಲ್ಲಾ ಫುಟ್‌ಪಾತ್ ಕೆಳಗೆ ವ್ಯವಸ್ಥಿತವಾಗಿ ಹಾಕಿ ಮೇಲೆ ಸಮತಟ್ಟು ಮಾಡಿದ್ರಿಂದ ಅಗೆಯೋ ಕಾಟ ಕಮ್ಮಿ ಆಯ್ತು. ಅದು ನಮ್ಮ ಕೈಲಿ ಆಗೋ ಕೆಲ್ಸ ಅನ್ನೋದಕ್ಕೆ ಸಾಕ್ಷಿ.

ಆದ್ರೂ ಮೇಷ್ಟ್ರ ಮಾತು ಒಪ್ತೀನಿ, ಪಕ್ಕದಲ್ಲೇ ಚರ್ಚ್ ಸ್ಟ್ರೀಟ್ ನೋಡಿ, ಮುಕ್ಕಾಲು ಕಿಲೋಮೀಟರ್ ಉದ್ದದ ಬೀದಿ, ಪುಸ್ತಕದ ಅಂಗಡಿ, ಕಾಫಿ, ಸಣ್ಣ ಸಣ್ಣ ಬಾಗಿಲು, ತುದಿಲಿ ಮೆಟ್ರೋ. ಜನ ಬರೋದು ಕಲ್ಲು ಹಾಸು ನೋಡೋಕಲ್ಲ. ಎಂಟಡಿ ಕಾಂಪೌಂಡ್ ಗೋಡೆ ಪಕ್ಕ ಅದೇ ಕಲ್ಲು ಹಾಸಿದ್ರೆ ಯಾರೂ ಬರಲ್ಲ.

ಸಂಜೆ_ಏಳರ_ಬಸ್ಸು

ಇಲ್ಲಿ ಎಲ್ರೂ ನಡೆಯಲ್ಲ ನಡೆಯಲ್ಲ ಅಂತಿದೀರ, ನಡೆಯೋರು ಬೇಕಾದಷ್ಟು ಜನ ಇದಾರೆ, ನೀವು ನೋಡ್ತಿಲ್ಲ ಅಷ್ಟೇ. ಬೆಳಿಗ್ಗೆ ಏಳಕ್ಕೆ ನಿಮ್ಮ ಗೇಟ್ ಹತ್ರ ನಿಂತು ನೋಡಿ, ಮನೆ ಕೆಲ್ಸಕ್ಕೆ ಬರೋ ಹೆಂಗಸರು, ಅಡುಗೆಯವರು, ಸೆಕ್ಯೂರಿಟಿಯವರು, ಎಲ್ಲಾ ಆ ಹಿಂದಿನ ಹಳ್ಳಿಯಿಂದ್ಲೇ ಬರ್ತಾರೆ, ನೀವು ಹೇಳಿದ ಅದೇ ಒಂದೂವರೆ ಕಿಲೋಮೀಟರ್ ಸುತ್ತಿ. ಎರಡು ಮೂರು ಮನೆ ಕೆಲ್ಸ ಮಾಡೋರು ಮಧ್ಯಾಹ್ನ ಮಕ್ಳಿಗೆ ಊಟ ಹಾಕೋಕೆ ಹೋಗಿ ಮತ್ತೆ ಬರ್ತಾರೆ. ಆ ಗೋಡೆಯಿಂದ ನಿಮ್ಮ ಅಮ್ಮನ ವಾಕಿಂಗ್ ತಪ್ಪಿದೆ, ಅವರಿಗೆ ದಿನದಲ್ಲಿ ಒಂದು ಗಂಟೆ ಹೋಗ್ತಿದೆ. ನಡೆಯೋಕೆ ಇಷ್ಟ ಇದೆಯೋ ಇಲ್ವೋ ಅವರನ್ನ ಯಾರೂ ಕೇಳಿಲ್ಲ. ಬೊಮ್ಮನಹಳ್ಳಿ, ಪೀಣ್ಯ ಕಡೆ ಗಾರ್ಮೆಂಟ್ ಬಿಡೋ ಹೊತ್ತಿಗೆ ಹೋಗಿ ನೋಡಿ, ರಸ್ತೆ ತುಂಬ ಹೆಣ್ಮಕ್ಳು ಗಾಡಿಗಳ ಮಧ್ಯೆ ನಡ್ಕೊಂಡು ಹೋಗ್ತಿರ್ತಾರೆ. 2022ರಲ್ಲಿ ದೇಶದಲ್ಲಿ 32,825 ಪಾದಚಾರಿಗಳು ರಸ್ತೆ ಅಪಘಾತದಲ್ಲಿ ಸತ್ರು ಅಂತ ಕೇಂದ್ರ ಸರ್ಕಾರದ ವರದಿಲೇ ಇದೆ.

ಕತ್ತಲಾದ್ಮೇಲಿನ ವಿಷಯ ಬೇರೆ. ನಾನು ಬಸ್ಸಿಳಿದು ಮನೆಗೆ ಹೋಗೋಕೆ ಎರಡು ದಾರಿ ಇದೆ. ಒಂದು ಹತ್ತಿರದ್ದು, ಒಳ್ಳೇ ಫುಟ್‌ಪಾತು, ಎರಡೂ ಕಡೆ ಕಾಂಪೌಂಡು, ದೀಪಾನೂ ಇದೆ. ಇನ್ನೊಂದು ಸುತ್ತು, ಫುಟ್‌ಪಾತೇ ಇಲ್ಲ, ಆದ್ರೆ ಮೊಟ್ಟೆ ಅಂಗಡಿ, ಪಾನಿಪೂರಿ, ಮೆಡಿಕಲ್, ಮೆಟ್ಟಿಲ ಮೇಲೆ ಕೂತಿರೋ ಅಜ್ಜಿಯಂದಿರು. ನಾನೂ ನನ್ನ ಜೊತೆ ಇಳಿಯೋ ಹೆಂಗಸರೂ ಹಿಡಿಯೋದು ಎರಡನೇ ದಾರಿನೇ. ಮೊಟ್ಟೆ ಅಂಗಡಿಯವರು ಹತ್ತೂವರೆಗೆ ಮುಚ್ಚಿದ್ರೆ ಆಮೇಲೆ ಆಟೋ. ಹಾಗಾಗಿ ಗಾಡಿ ವ್ಯಾಪಾರದವರನ್ನ ಎಬ್ಬಿಸಿದ್ರೆ ಫುಟ್‌ಪಾತ್ ನಮಗೆ ಸಿಗುತ್ತೆ ಅನ್ನೋರಿಗೆ ನನ್ನ ಕೋರಿಕೆ, ಎಬ್ಬಿಸೋ ಮೊದ್ಲು ಆ ಬೀದಿಲಿ ರಾತ್ರಿ ಓಡಾಡೋ ಹೆಣ್ಮಕ್ಳನ್ನ ಕೇಳಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಅವರಿಗೆ ಜಾಗ ಗುರುತಿಸಿ ಕೊಡ್ಬೇಕು, ಅದನ್ನ ಮಾಡಿದ್ರೆ ನಡೆಯೋರಿಗೂ ದಾರಿ ಉಳಿಯುತ್ತೆ.

ಹದಿನೈದನೇ_ಕ್ರಾಸ್

ಎಲ್ರಿಗೂ ಧನ್ಯವಾದ. ನಮ್ಮ ಮನೆಗೆ ಬರೋ ಅಕ್ಕನ್ನ ಇವತ್ತು ಕೇಳ್ದೆ, ಅವರ ಮನೆ ಆ ಗುಡಿ ಹಿಂದಿನ ಬೀದಿಲೇ ಅಂತೆ, ಗೋಡೆ ಎತ್ತರಿಸೋ ಮೊದ್ಲು ಹೊಲದ ಮಧ್ಯ ದಾರಿ ಇತ್ತಂತೆ. ಮುಂದಿನ ಮೀಟಿಂಗ್‌ನಲ್ಲಿ ಹಿಂದೆ ಒಂದು ಸಣ್ಣ ಗೇಟ್ ಕೇಳೋಣ ಅಂತಿದೀನಿ. ಸೆಕ್ಯೂರಿಟಿ ಖರ್ಚು, ಕಳ್ಳತನ ಅಂತ ಖಂಡಿತ ವಿರೋಧ ಬರುತ್ತೆ. ಗೇಟ್ ಹಾಕ್ಲೇಬೇಕು ಅಂತ ಕಾನೂನಲ್ಲಿ ಏನಾದ್ರೂ ಇದೆಯಾ?

ನಕ್ಷೆ_ಮೇಷ್ಟ್ರು

ಇದರಲ್ಲಿ ಎರಡು ಥರ ಇದೆ. ಸೈಟ್ ಮಾಡಿ ಮಾರೋ ಲೇಔಟ್ ಆದ್ರೆ ಅಪ್ರೂವಲ್ ತಗೋವಾಗ ರಸ್ತೆಗಳನ್ನ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡ್ಬೇಕು, ಬಿಟ್ಟುಕೊಟ್ಟ ರಸ್ತೆ ಸಾರ್ವಜನಿಕರದ್ದು, ಗೇಟ್ ಹಾಕಿ ತಡೆಯೋ ಹಾಗಿಲ್ಲ, ನಮ್ಮ ಹೈಕೋರ್ಟ್ ಕೂಡ ಇದನ್ನ ಹೇಳಿದೆ. ಅಪಾರ್ಟ್‌ಮೆಂಟ್ ಕಾಂಪೌಂಡ್ ಒಳಗಿನ ದಾರಿ ಸಾಮಾನ್ಯವಾಗಿ ಖಾಸಗಿ, ಅಲ್ಲಿ ನಿಮ್ಮ ಅಸೋಸಿಯೇಷನ್ ಒಪ್ಪಿದ್ರೆ ಮಾತ್ರ. ಆದ್ರೆ ಅದಕ್ಕೂ ಮೊದ್ಲು ನಿಮ್ಮ ಮಂಜೂರಾದ ನಕ್ಷೆ ಮತ್ತೆ ಹಳೇ ಗ್ರಾಮ ನಕ್ಷೆ ಎರಡನ್ನೂ ತೆಗೆಸಿ ಪಕ್ಕ ಪಕ್ಕ ಇಟ್ಟು ನೋಡಿ. ಗ್ರಾಮ ನಕ್ಷೆಯಲ್ಲಿ ಬಂಡಿ ದಾರಿ, ಕಾಲುದಾರಿ ಚುಕ್ಕಿ ಗೆರೆಲಿ ಇರುತ್ತೆ. ನಿಮ್ಮ ಅಕ್ಕ ಹೇಳಿದ ದಾರಿ ಅಲ್ಲಿ ಗುರುತಾಗಿದ್ರೆ ಮಾತಿನ ಧಾಟಿನೇ ಬದಲಾಗುತ್ತೆ. ಫುಟ್‌ಪಾತ್ ಬಗ್ಗೆ ಪಾಲಿಕೆಗೆ ಬರೆಯೋದಾದ್ರೆ 2025ರ ಮೇ ತಿಂಗಳ ಸುಪ್ರೀಂ ಕೋರ್ಟ್ ಆದೇಶ ಉಲ್ಲೇಖಿಸಿ, ಫುಟ್‌ಪಾತ್ ಬಳಸೋ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗ ಅಂತ ಅದರಲ್ಲಿದೆ.

ಸಂಜೆ_ಏಳರ_ಬಸ್ಸು

ಗೇಟ್ ಒಪ್ಪಿದ್ರೆ ಒಂದು ಮಾತು ಮೊದ್ಲೇ ಬರೆಸಿಕೊಳ್ಳಿ, ನಿವಾಸಿಗಳಿಗೆ ಮಾತ್ರ ಅಂತ ಆಗ್ಬಾರ್ದು. ಕೆಲ್ಸಕ್ಕೆ ಬರೋರಿಗೆ ಮುಂದಿನ ಗೇಟಲ್ಲಿ ಕೊಡೋ ಪಾಸೇ ಇಲ್ಲೂ ನಡೀಬೇಕು, ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ. ಮತ್ತೆ ಗೇಟಿನ ಆಚೆ ಬದಿಗೆ ಒಂದು ದೀಪ, ಒಳಗಡೆ ಅಲ್ಲ.